ಭತ್ತದ ಗಿರಣಿಯೂ ಸರ್ಕಾರದ ಸುರಕ್ಷತಾ ತಪಾಸಣೆಯೂ

ಸುಗ್ಗಿಯು ಮುಗಿದು ಭತ್ತವು ಕಣದಿಂದ ಹೊರಟಿತೆಂದರೆ ರೈತನ ಕೆಲಸವು ಒಂದು ವಿಧವಾಗಿ ಪೂರೈಸಿದಂತಾಯಿತು. ಆದರೆ ಆ ಭತ್ತವು ಅಕ್ಕಿಯಾಗಿ ಊಟದ ಎಲೆಯನ್ನು ಸೇರಬೇಕಾದರೆ ಗಿರಣಿಯೆಂಬ ಇನ್ನೊಂದು ಘಟ್ಟವನ್ನು ದಾಟಬೇಕಾಗಿರುತ್ತದೆ. ತುಂಗಭದ್ರಾ ನಾಲೆಗಳ ಬಯಲಿನಲ್ಲಿರುವ ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿಯೂ, ಕಾವೇರಿಯ ನೀರುಣ್ಣುವ ಮಂಡ್ಯದ ಸೀಮೆಯಲ್ಲಿಯೂ ಇಂತಹ ಗಿರಣಿಗಳು ಅನೇಕವಾಗಿವೆ. ಅವುಗಳಲ್ಲಿ ಚೀಲ ಹೊರುವ ಹಮಾಲರೂ, ಯಂತ್ರಗಳಿಗೆ ಎಣ್ಣೆ ಹಾಕುವವರೂ, ತವುಡು ಹೊಟ್ಟುಗಳನ್ನು ಗುಡಿಸುವ ಹೆಂಗಸರೂ ಬಹುಮಟ್ಟಿಗೆ ಒಕ್ಕಲು ಮನೆಗಳಿಂದಲೇ ಬಂದವರು. ಈಚೆಗೆ ಸಹಕಾರ ಸಂಘಗಳೂ ರೈತರೇ ಕೂಡಿ ಕಟ್ಟಿದ ಕಂಪನಿಗಳೂ ಸ್ವಂತ ಗಿರಣಿಗಳನ್ನು ನಡೆಸತೊಡಗಿವೆ. ಆದುದರಿಂದ ಗಿರಣಿಯನ್ನು ಸರ್ಕಾರದ ಸುರಕ್ಷತಾ ತಪಾಸಣೆಗೆ ಹೇಗೆ ಸಿದ್ಧಪಡಿಸಬೇಕೆಂಬ ವಿಷಯವು ಯಂತ್ರದವರಿಗೆ ಮಾತ್ರವೇ ಅಲ್ಲದೆ ಒಕ್ಕಲುತನದವರಿಗೂ ಸಂಬಂಧಪಟ್ಟದ್ದಾಗಿರುತ್ತದೆ.

ತಪಾಸಣೆಯೆಂದರೇನು?

ಅಧಿಕಾರಿಯು ಬರುವನೆಂಬ ಸುದ್ದಿ ಕೇಳಿದೊಡನೆ ಗೋಡೆಗೆ ಸುಣ್ಣ ಬಳಿಸುವುದು, ಮರಳಿನ ಬಕೆಟ್ಟುಗಳನ್ನು ತಂದು ತೂಗುಹಾಕುವುದು, ವರ್ಷವೆಲ್ಲಾ ಬರೆಯದ ಪುಸ್ತಕಗಳನ್ನು ಒಂದೇ ರಾತ್ರಿಯಲ್ಲಿ ಒಂದೇ ಶಾಯಿಯಲ್ಲಿ ತುಂಬಿಸುವುದು, ಅರ್ಧ ಆಳುಗಳನ್ನು ಅಂದಿನ ಮಟ್ಟಿಗೆ ಮನೆಗೆ ಕಳುಹಿಸುವುದು, ಇವು ಕೆಲವು ಕಡೆಗಳಲ್ಲಿ ವಾಡಿಕೆಯಾಗಿವೆ. ಇದಕ್ಕೆ ಸಿದ್ಧತೆಯೆಂಬ ಹೆಸರು ಸಲ್ಲುವುದಿಲ್ಲ. ಇದರಿಂದ ಅಧಿಕಾರಿಯು ಮೋಸಹೋದರೂ ಹೋಗಬಹುದು. ತಿರುಗುವ ಯಂತ್ರವು ಮೋಸಹೋಗುವುದಿಲ್ಲ. ಅಧಿಕಾರಿಯು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎಲ್ಲಿಯೋ ಒಂದು ಕಡೆ ಒಬ್ಬನ ಕೈಯೋ ಪ್ರಾಣವೋ ಹೋದುದರಿಂದ ಹುಟ್ಟಿಕೊಂಡವು.

ಇದಕ್ಕೆ ಈಚಿನ ಎರಡು ದೃಷ್ಟಾಂತಗಳು ಸಾಕು. 2023ನೆಯ ಇಸವಿ ಏಪ್ರಿಲ್ 18ನೆಯ ತಾರೀಖು ಬೆಳಗಿನ ಜಾವದಲ್ಲಿ ಹರಿಯಾಣದ ಕರ್ನಾಲ್ ಜಿಲ್ಲೆಯ ತರಾವಡಿಯ ಅಕ್ಕಿ ಗಿರಣಿಯೊಂದರ ಮೂರಂತಸ್ತಿನ ಕಟ್ಟಡವು ಕುಸಿದುಬಿದ್ದು, ಒಳಗೆ ಮಲಗಿದ್ದ ಕೂಲಿಕಾರರಲ್ಲಿ 4 ಮಂದಿ ಮೃತರಾದರು. ಅದೇ ವರ್ಷ ಡಿಸೆಂಬರ್ 4ನೆಯ ತಾರೀಖು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಧಾನ್ಯದ ಕಾರ್ಖಾನೆಯೊಂದರಲ್ಲಿ ಮೆಕ್ಕೆಜೋಳ ತುಂಬಿದ್ದ ದೊಡ್ಡ ಕಣಜವು ಮುರಿದುಬಿದ್ದು, ಬಿಹಾರದಿಂದ ದುಡಿಯಲು ಬಂದಿದ್ದ 7 ಮಂದಿ ಕಾಳಿನ ರಾಶಿಯಡಿಯಲ್ಲಿ ಸಿಕ್ಕಿ ಪ್ರಾಣಬಿಟ್ಟರು. ಕಟ್ಟಡದ ಭದ್ರತೆಯ ದೃಢೀಕರಣ ಪತ್ರವೆಲ್ಲಿ, ಕಣಜದ ಕಾಲುಗಳು ಎಷ್ಟು ಭಾರವನ್ನು ತಾಳಬಲ್ಲವು, ಆಳುಗಳು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಗಳು ಬರಿಯ ಕಾಗದದ ಪ್ರಶ್ನೆಗಳಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

ಕಾಯಿದೆಯ ಹಿನ್ನೆಲೆ

ಭಾರತದಲ್ಲಿ ಮೊದಲನೆಯ ಕಾರ್ಖಾನೆಗಳ ಕಾಯಿದೆಯು 1881ರಲ್ಲಿ ಹುಟ್ಟಿತು. ಅದು 100 ಮಂದಿಗೆ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 7 ವರ್ಷ ತುಂಬಿದ ಮಕ್ಕಳನ್ನು ದಿನಕ್ಕೆ 9 ಗಂಟೆ ದುಡಿಸಲು ಅದರಲ್ಲಿ ಅಡ್ಡಿಯಿರಲಿಲ್ಲ. ಮುಂದೆ ಹಲವು ತಿದ್ದುಪಾಡುಗಳಾಗಿ, 1948ರ ಕಾರ್ಖಾನೆಗಳ ಕಾಯಿದೆಯು 1949ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದು ಎಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು. ಅದರ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ನೆಯ ನವೆಂಬರ್ 21ರಿಂದ ಜಾರಿಗೆ ಬಂದಿರುತ್ತದೆ. ಈ ಸಂಹಿತೆಯ ಪ್ರಕಾರ ವಿದ್ಯುತ್ತೇ ಮೊದಲಾದ ಶಕ್ತಿಯಿಂದ ನಡೆಯುವ ಕಡೆ 20 ಮಂದಿ, ಅದಿಲ್ಲದ ಕಡೆ 40 ಮಂದಿ ಕೆಲಸಗಾರರಿದ್ದಲ್ಲಿ ಅದು ಕಾರ್ಖಾನೆಯೆನಿಸುತ್ತದೆ. ಬಾಯ್ಲರುಗಳ ವಿಷಯದಲ್ಲಿ 1923ರ ಕಾಯಿದೆಯು ಹೋಗಿ 2025ರ ಬಾಯ್ಲರುಗಳ ಕಾಯಿದೆಯು ಬಂದಿದೆ. ಕರ್ನಾಟಕದಲ್ಲಿ ಈ ಎರಡು ಕೆಲಸಗಳೂ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಸೇರಿವೆ.

ಹೊಸ ಸಂಹಿತೆಯಲ್ಲಿ ತಪಾಸಣೆ ಮಾಡುವವನು ಕೇವಲ ಇನ್‌ಸ್ಪೆಕ್ಟರನಲ್ಲ. ತಿಳಿವಳಿಕೆ ಹೇಳಿ ಸೌಕರ್ಯ ಮಾಡಿಕೊಡುವುದೂ ಅವನ ಕರ್ತವ್ಯವೆಂದು ಹೇಳಿದೆ. ಯಾವ ಕಾರ್ಖಾನೆಯನ್ನು ನೋಡಬೇಕೆಂಬುದನ್ನು ಚೀಟಿ ಎತ್ತಿದಂತೆ ಗಣಕಯಂತ್ರದ ಮೂಲಕ ಆರಿಸುವ ಪದ್ಧತಿಗೂ ಅದರಲ್ಲಿ ಅವಕಾಶವಿದೆ. ಆದುದರಿಂದ ದಿನವನ್ನು ಮೊದಲೇ ತಿಳಿದು ಸಿದ್ಧವಾಗುವೆನೆಂಬ ಭರವಸೆಯು ಯಾರಿಗೂ ಇರಕೂಡದು. ಆಳುಗಳ ಸಂಖ್ಯೆ ಕಡಿಮೆಯಾದುದರಿಂದ ತನ್ನ ಗಿರಣಿಯು ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಸಮಾಧಾನಪಡುವ ಯಜಮಾನನೂ ಒಂದು ಮಾತನ್ನು ನೆನೆಯಬೇಕು. ಬೆಲ್ಟಿಗೆ ಸಿಕ್ಕಿದವನು ಹತ್ತು ಮಂದಿಯಲ್ಲಿ ಒಬ್ಬನೋ ಇಪ್ಪತ್ತು ಮಂದಿಯಲ್ಲಿ ಒಬ್ಬನೋ ಎಂಬುದರಿಂದ ಅವನ ಗಾಯವು ಚಿಕ್ಕದಾಗುವುದಿಲ್ಲ.

ಭತ್ತದ ದಾರಿಯನ್ನು ಹಿಡಿದು ನೋಡುವುದು

ಗಿರಣಿಯನ್ನು ಪರೀಕ್ಷಿಸಲು ಸುಲಭವಾದ ಉಪಾಯವೆಂದರೆ ಭತ್ತವು ಹೋಗುವ ದಾರಿಯಲ್ಲಿಯೇ ಹೋಗುವುದು. ಲಾರಿಯಿಂದ ಭತ್ತವನ್ನು ಸುರಿಯುವ ಗುಂಡಿಯಿಂದ ಮೊದಲುಮಾಡಿ ಅಕ್ಕಿಯ ಚೀಲವು ಹೊರಬೀಳುವವರೆಗೆ ಯಜಮಾನನೂ, ಫಿಟ್ಟರನೂ, ಕೆಲಸಗಾರರಲ್ಲಿ ಹಳಬನಾದವನೊಬ್ಬನೂ ಕೂಡಿ ತಿಂಗಳಿಗೊಮ್ಮೆ ನಡೆದು, ಕಂಡ ಕೊರತೆಗಳನ್ನು ಬರೆದಿಡಬೇಕು. ಪ್ರತಿಯೊಂದು ಸ್ಥಳದಲ್ಲಿಯೂ, ಇಲ್ಲಿ ಮನುಷ್ಯನ ಕೈ ಕಾಲು ಬಟ್ಟೆಗಳು ಎಲ್ಲಿಗೆ ತಾಗಬಹುದು, ಇಲ್ಲಿಂದ ಅವನು ಎಲ್ಲಿಗೆ ಬೀಳಬಹುದು, ಅವನ ಮೇಲೆ ಏನು ಬೀಳಬಹುದು, ಅವನ ಉಸಿರಿನೊಳಕ್ಕೆ ಏನು ಹೋಗಬಹುದು, ಎಂದು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಕೆಲಸಗಾರನು ಜೊತೆಯಲ್ಲಿರುವುದು ಅವಶ್ಯಕ. ಯಾವ ಮುಚ್ಚಳವನ್ನು ರಾತ್ರಿ ಪಾಳಿಯಲ್ಲಿ ತೆಗೆದಿಡುತ್ತಾರೆಂಬುದು ಅವನಿಗೆ ಮಾತ್ರ ಗೊತ್ತಿರುತ್ತದೆ.

(1) ಗುಂಡಿ ಮತ್ತು ಕಣಜ

ಭತ್ತ ಸುರಿಯುವ ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿಯನ್ನು ಭದ್ರವಾಗಿ ಕೂರಿಸಿರಬೇಕು. ಕಣಜದ ತಳದ ಬಾಯನ್ನು ತೆರೆದು ಕಾಳು ಹರಿಯುತ್ತಿರುವಾಗ ಮೇಲಿನ ರಾಶಿಯ ಮೇಲೆ ಇಳಿದವನು ಕೆಸರಿನಲ್ಲಿ ಸಿಕ್ಕಿದಂತೆ ಕ್ಷಣಕ್ಷಣಕ್ಕೂ ಕೆಳಗಿಳಿಯುತ್ತಾನೆ. ಅರ್ಧ ನಿಮಿಷದೊಳಗಾಗಿ ತಲೆಯೂ ಮುಳುಗಬಹುದು. ಎದೆಯವರೆಗೆ ಹೂತವನನ್ನು ಇಬ್ಬರು ಮೂವರು ಬರಿಯ ಕೈಯಿಂದ ಎಳೆದು ತೆಗೆಯಲಾರರು. ಕಾಳು ಗಟ್ಟಿಕಟ್ಟಿ ಇಳಿಯದೆ ನಿಂತಾಗ ಒಳಗಿಳಿದು ಕಾಲಿನಿಂದ ತುಳಿಯುವ ಪದ್ಧತಿಯು ಇದಕ್ಕಿಂತಲೂ ಕೆಟ್ಟದ್ದು. ಅಂತಹ ಸಮಯದಲ್ಲಿ ಹೊರಗಿನಿಂದಲೇ ಉದ್ದವಾದ ಗಳುವಿನಿಂದ ಚುಚ್ಚಿ ಬಿಡಿಸಬೇಕು. ಇಳಿಯಲೇಬೇಕಾದರೆ ಯಂತ್ರವನ್ನು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಸೊಂಟಕ್ಕೂ ಭುಜಕ್ಕೂ ಪಟ್ಟಿ ಕಟ್ಟಿದ ಹಗ್ಗವನ್ನು ಮೇಲಿರುವ ಇಬ್ಬರ ಕೈಯಲ್ಲಿ ಕೊಟ್ಟು ಇಳಿಯತಕ್ಕದ್ದು.

ಎಲಿವೇಟರಿನ ಗುಂಡಿಯಲ್ಲಿಯೂ ಕುಸುಬಲು ಮಾಡಲು ಭತ್ತ ನೆನೆಹಾಕುವ ತೊಟ್ಟಿಯಲ್ಲಿಯೂ ಬೇರೆ ಅಪಾಯವಿದೆ. ಒದ್ದೆಯಾದ ಭತ್ತವು ಹುಳಿತಾಗ ಗಾಳಿಯಲ್ಲಿರುವ ಆಮ್ಲಜನಕವು ಕಡಿಮೆಯಾಗಿ, ಇಂಗಾಲಾಮ್ಲವಾಯುವು ತಳದಲ್ಲಿ ತಂಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ಇಳಿದವನು ಬೀಳುವುದನ್ನು ಕಂಡು ಎರಡನೆಯವನು ಅವನನ್ನು ಎತ್ತಲು ಇಳಿದು ತಾನೂ ಬೀಳುವುದೇ ಇಂತಹ ಅಪಘಾತಗಳ ರೀತಿ. ದೀಪವನ್ನು ಇಳಿಬಿಟ್ಟು ನೋಡುವ ಹಳೆಯ ವಾಡಿಕೆಯು ಧೂಳಿರುವ ಸ್ಥಳದಲ್ಲಿ ಅಪಾಯಕರ. ಗಾಳಿಯನ್ನು ಅಳೆಯುವ ಸಣ್ಣ ಯಂತ್ರಗಳು ಈಗ ದೊರೆಯುತ್ತವೆ; ಶುದ್ಧ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಇರುವ ಆಮ್ಲಜನಕವು 19.5ಕ್ಕೆ ಕಡಿಮೆಯಾಗಿದ್ದರೆ ಗಾಳಿ ಊದದೆ ಯಾರೂ ಇಳಿಯಕೂಡದು.

(2) ತಿರುಗುವ ಭಾಗಗಳು

ಗಿರಣಿಗಳಲ್ಲಿ ಬೆಲ್ಟುಗಳಿಂದಲೂ ಷಾಫ್ಟುಗಳಿಂದಲೂ ಆಗುವ ಅಪಾಯವು ಹಳೆಯದು. ಅದರ ವೇಗವನ್ನು ಲೆಕ್ಕಹಾಕಿ ನೋಡಿದರೆ ಕಾರಣವು ತಿಳಿಯುತ್ತದೆ. 3 ಅಂಗುಲ ವ್ಯಾಸದ ಷಾಫ್ಟೊಂದು ನಿಮಿಷಕ್ಕೆ 300 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 5 ಸುತ್ತಾಯಿತು. ಒಂದು ಸುತ್ತಿಗೆ ಸುಮಾರು 9½ ಅಂಗುಲದಂತೆ ಒಂದು ಸೆಕೆಂಡಿನಲ್ಲಿ ಸುಮಾರು 4 ಅಡಿ ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಪಂಚೆಯ ಚುಂಗೋ, ಸೀರೆಯ ಸೆರಗೋ, ಹೆಗಲ ಮೇಲಿನ ಟವಲೋ ಸಿಕ್ಕಿದರೆ ಕೂಗುವಷ್ಟು ಕಾಲವೂ ಇರುವುದಿಲ್ಲ.

ಆದುದರಿಂದ ಬೆಲ್ಟು ಚಕ್ರದ ಮೇಲೆ ಏರುವ ಸ್ಥಳ, ಷಾಫ್ಟಿನ ತುದಿ, ಹಲ್ಲುಚಕ್ರಗಳು ಕೂಡುವ ಸ್ಥಳ, ಭತ್ತ ಸುಲಿಯುವ ರಬ್ಬರು ಉರುಳೆಗಳ ಬಾಯಿ, ಇವಕ್ಕೆಲ್ಲಾ ಬೆರಳು ತೂರದಂತಹ ಜಾಲರಿಯ ಮರೆಯನ್ನು ಬೋಲ್ಟಿನಿಂದ ಬಿಗಿದಿರಬೇಕು. ಪ್ರತಿದಿನವೂ ಎಣ್ಣೆ ಹಾಕುವುದಕ್ಕಾಗಿ ತೆಗೆಯಬೇಕಾದ ಮರೆಯು ಒಂದು ವಾರದಲ್ಲಿ ಮೂಲೆ ಸೇರುವುದು ನಿಶ್ಚಯ. ಆದಕಾರಣ ಎಣ್ಣೆಯ ಬಾಯನ್ನು ಸಣ್ಣ ಕೊಳವೆಯ ಮೂಲಕ ಮರೆಯ ಹೊರಕ್ಕೆ ತರತಕ್ಕದ್ದು. ಇದರ ಖರ್ಚು ಅತ್ಯಲ್ಪ, ಪ್ರಯೋಜನವು ದೊಡ್ಡದು.

ದುರಸ್ತಿಗಾಗಿ ಯಂತ್ರದೊಳಗೆ ಕೈಯಿಡುವಾಗ ಮೇನ್ ಸ್ವಿಚ್ಚನ್ನು ಆರಿಸಿದರೆ ಸಾಲದು. ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಕೈಯಿಡುವವನೇ ತನ್ನ ಬಳಿ ಇಟ್ಟುಕೊಳ್ಳಬೇಕು. ಇಬ್ಬರು ಕೆಲಸ ಮಾಡಿದರೆ ಎರಡು ಬೀಗಗಳು. ಆಚೆಯ ಕೋಣೆಯಲ್ಲಿದ್ದವನು ವಿಷಯ ತಿಳಿಯದೆ ಸ್ವಿಚ್ಚು ಹಾಕಿದುದರಿಂದಾದ ಅನರ್ಥಗಳಿಗೆ ಈ ಒಂದು ಬೀಗವು ಪರಿಹಾರ. ಇದಲ್ಲದೆ ಯಂತ್ರದ ಪಕ್ಕದಲ್ಲಿಯೇ ಕೈಗೆ ಸಿಕ್ಕುವಂತೆ ಕೆಂಪು ಬಣ್ಣದ ನಿಲ್ಲಿಸುವ ಗುಂಡಿಯಿದ್ದು, ಅದನ್ನು ಒತ್ತಿದರೆ ಯಂತ್ರವು ಎಷ್ಟು ಹೊತ್ತಿಗೆ ನಿಲ್ಲುವುದೆಂಬುದನ್ನು ವಾರಕ್ಕೊಮ್ಮೆ ನೋಡಬೇಕು.

(3) ಬಾಯ್ಲರು

ಕುಸುಬಲಕ್ಕಿಯ ಗಿರಣಿಗಳಲ್ಲಿ ಹೊಟ್ಟಿನಿಂದ ಉರಿಸುವ ಬಾಯ್ಲರಿರುತ್ತದೆ. ಇದರ ತಪಾಸಣೆಯು ಮಿಕ್ಕವುಗಳಂತಲ್ಲ. ಇದಕ್ಕೆ ದಿನವು ಮೊದಲೇ ಗೊತ್ತಾಗಿರುತ್ತದೆ, ಮತ್ತು ಬಾಯ್ಲರನ್ನು ಬಿಚ್ಚಿಟ್ಟು ಸಿದ್ಧಪಡಿಸುವುದು ಯಜಮಾನನ ಕರ್ತವ್ಯ. ಪ್ರಮಾಣಪತ್ರದ ಅವಧಿಯು ಸಾಮಾನ್ಯವಾಗಿ 12 ತಿಂಗಳಿಗೆ ಮೀರುವುದಿಲ್ಲವಾದುದರಿಂದ, ಸುಗ್ಗಿಯ ಮಧ್ಯದಲ್ಲಿ ಅವಧಿ ತೀರದಂತೆ ಬಿಡುವಿನ ತಿಂಗಳಲ್ಲಿಯೇ ಅರ್ಜಿ ಹಾಕುವುದು ಒಳ್ಳೆಯದು.

ಸಿದ್ಧತೆಯ ಕ್ರಮ ಹೀಗೆ: ಬೆಂಕಿಯನ್ನು ಆರಿಸಿ ಬಾಯ್ಲರು ತಾನಾಗಿಯೇ ತಣಿಯುವಂತೆ ಬಿಡಬೇಕು. ಬಿಸಿಯಿರುವಾಗಲೇ ನೀರನ್ನು ಹರಿಯಬಿಟ್ಟರೆ ಒಳಗಿನ ಕೆಸರು ತಗಡಿಗೆ ಅಂಟಿ ಗಟ್ಟಿಯಾಗುವುದಲ್ಲದೆ ಲೋಹವೂ ಸೆಟೆದುಕೊಳ್ಳುವ ಸಂಭವವಿದೆ. ತಣಿದ ಮೇಲೆ ನೀರನ್ನು ಬಿಟ್ಟು, ಮನುಷ್ಯನು ಇಳಿಯುವ ಬಾಯಿಗಳನ್ನೂ ಕೈ ತೂರಿಸುವ ಬಾಯಿಗಳನ್ನೂ ತೆರೆದು, ಒಳಗಿನ ಹಕ್ಕಳೆಯನ್ನೂ ಹೊಗೆಯ ಕೊಳವೆಗಳ ಮಸಿಯನ್ನೂ ತೆಗೆಯಬೇಕು. ಬೇರೆ ಬಾಯ್ಲರಿಗೆ ಸಂಬಂಧವಿರುವ ಉಗಿಯ, ನೀರಿನ ಕೊಳವೆಗಳನ್ನೆಲ್ಲಾ ಪೂರ್ತಿಯಾಗಿ ಬೇರ್ಪಡಿಸಬೇಕು. ಒಳಗಿಳಿಯುವವರಿಗೆ 24 ವೋಲ್ಟಿಗೆ ಮೀರದ ಕೈದೀಪವನ್ನು ಕೊಡಬೇಕು. ನೀರಿನ ಒತ್ತಡದ ಪರೀಕ್ಷೆಯಿದ್ದರೆ ಒಳಗೆ ಗಾಳಿಯು ಉಳಿಯದಂತೆ ನೀರನ್ನು ಭರ್ತಿಮಾಡಬೇಕು.

ಇಷ್ಟಾದರೂ ವರ್ಷದ ಮಿಕ್ಕ ದಿನಗಳಲ್ಲಿ ಬಾಯ್ಲರಿನ ಕ್ಷೇಮವು ಅದನ್ನು ನೋಡಿಕೊಳ್ಳುವ ಅಟೆಂಡೆಂಟನ ಕೈಯಲ್ಲಿರುತ್ತದೆ. ಅವನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆದವನಾಗಿರಬೇಕು. ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡದಲ್ಲಿ ಉಗಿಯ ಶಾಖವು ಸುಮಾರು 170 ಡಿಗ್ರಿಯಷ್ಟಿರುತ್ತದೆ. ಬಾಯ್ಲರು ಸೀಳಿದರೆ ಆ ನೀರಿನ ಒಂದು ಭಾಗವು ಆ ಕ್ಷಣವೇ ಉಗಿಯಾಗಿ ಸಾವಿರ ಪಾಲಿಗೂ ಮೀರಿ ಹಿಗ್ಗುತ್ತದೆ. ಪ್ರತಿಯೊಂದು ಪಾಳಿಯಲ್ಲಿಯೂ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಊದಿಸಿ ನೋಡಬೇಕು. ಅದರಲ್ಲಿ ನೀರು ಕಾಣದಿದ್ದರೆ ಗಾಬರಿಯಿಂದ ತಣ್ಣೀರನ್ನು ಪಂಪು ಮಾಡಕೂಡದು. ಹೊಟ್ಟನ್ನೂ ಗಾಳಿಯನ್ನೂ ನಿಲ್ಲಿಸಿ ಬೆಂಕಿಯನ್ನು ಅಡಗಿಸತಕ್ಕದ್ದು. ಉಗಿಯು ಮೇಲಿಂದ ಮೇಲೆ ಹೊರಬೀಳುತ್ತದೆಂದು ಸೇಫ್ಟಿ ವಾಲ್ವನ್ನು ಬಿಗಿಯುವುದಾಗಲಿ ಅದರ ಮೇಲೆ ಭಾರವಿಡುವುದಾಗಲಿ ಸರ್ವಥಾ ಕೂಡದು.

(4) ಧೂಳು, ಬೆಂಕಿ, ವಿದ್ಯುತ್ತು

ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಅದರ ಚೂರು ಕಣ್ಣಿಗೆ ಬಿದ್ದರೆ ಗೀರುತ್ತದೆ. ಸಣ್ಣ ಧೂಳು ಶ್ವಾಸಕೋಶವನ್ನು ಸೇರುತ್ತದೆ. ಮುಖಕ್ಕೆ ಟವಲು ಸುತ್ತಿಕೊಂಡರೆ ಸಾಲದು. ಧೂಳು ಹುಟ್ಟುವ ಸ್ಥಳದಲ್ಲಿಯೇ ಅದನ್ನು ಹೀರುವ ಫ್ಯಾನು ಕೊಳವೆಗಳನ್ನು ಇಟ್ಟು, ಗುಡಿಸುವವರಿಗೆ ತಕ್ಕ ಮುಖಕವಚವನ್ನು ಕೊಡಬೇಕು. ತೊಲೆಗಳ ಮೇಲೆ ಕುಳಿತ ತವುಡಿನ ಧೂಳನ್ನು ಗಾಳಿ ಊದಿ ಹಾರಿಸಕೂಡದು. ಹೊಗೆಯಂತೆ ಹಾರಿದ ಧೂಳಿಗೆ ಕಿಡಿ ಬಿದ್ದರೆ ಅದು ಮದ್ದಿನಂತೆ ಸಿಡಿಯುತ್ತದೆ. ಹೊಟ್ಟಿನ ರಾಶಿಯು ಬಾಯ್ಲರಿನ ಒಲೆಯಿಂದ ದೂರದಲ್ಲಿರಬೇಕು. ಹೊಟ್ಟಿನ ಬೆಂಕಿಗೆ ನೀರೂ, ವಿದ್ಯುತ್ತಿನ ಬೆಂಕಿಗೆ ನೀರಲ್ಲದ ಪುಡಿ ಅಥವಾ ಅನಿಲದ ಉಪಕರಣವೂ ಬೇಕೆಂಬುದು ಪ್ರತಿಯೊಬ್ಬನಿಗೂ ತಿಳಿದಿರಬೇಕು. ನೆಲವು ಒದ್ದೆಯಾಗಿರುವ ಕಡೆ ತೇಪೆ ಹಾಕಿದ ತಂತಿಯು ಪ್ರಾಣಕ್ಕೆ ಎರವು. ಚೀಲ ಹೊಲಿಯುವ ಯಂತ್ರ ಮುಂತಾದ ಎತ್ತಿಡುವ ಯಂತ್ರಗಳಿಗೆ, ಸೋರಿಕೆಯಾದೊಡನೆ ವಿದ್ಯುತ್ತನ್ನು ತಾನೇ ಕಡಿದುಹಾಕುವ ಸ್ವಿಚ್ಚನ್ನು ಇಡತಕ್ಕದ್ದು.

(5) ಚೀಲಗಳ ಅಟ್ಟಿ ಮತ್ತು ಹೊರೆ

ಅಟ್ಟಿಯನ್ನು ಚೀಲಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಸಾಲು ಬದಲಿಸಿ ಒಟ್ಟಬೇಕು. ತೆಗೆಯುವಾಗ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೆಯಬೇಕು. ಅವಸರದಲ್ಲಿ ಬುಡದ ಚೀಲವನ್ನು ಎಳೆಯುವುದರಿಂದಲೇ ಅಟ್ಟಿಗಳು ಕುಸಿಯುತ್ತವೆ. ಅಟ್ಟಿಯ ನೆರಳಿನಲ್ಲಿ ಯಾರೂ ಮಲಗಕೂಡದು.

ಭತ್ತವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಮಾರುವುದು ತುಂಗಭದ್ರೆಯ ಬಯಲಿನಲ್ಲಿ ರೂಢಿ. ಒಬ್ಬ ವಯಸ್ಕ ಗಂಡಾಳು ಹೊರುವ ಭಾರದ ಮಿತಿಯು 55 ಕಿಲೋಗೆ ಹೆಚ್ಚಾಗಿರುವ ಕಡೆ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿರುತ್ತದೆ. ಹಮಾಲನ ಬೆನ್ನು ನಲವತ್ತನೆಯ ವಯಸ್ಸಿಗೇ ಬಾಗುವುದು ದೈವಕೃತವಲ್ಲ. ಕೈಗಾಡಿಗಳನ್ನೂ ಚೀಲ ಸಾಗಿಸುವ ಬೆಲ್ಟುಗಳನ್ನೂ ಇಟ್ಟು, ಚೀಲದ ತೂಕವನ್ನು ಇಳಿಸಿದರೆ ಕೆಲಸವೂ ಕೆಡುವುದಿಲ್ಲ, ಮನುಷ್ಯನೂ ಕೆಡುವುದಿಲ್ಲ. ಈ ವಿಷಯದಲ್ಲಿ ಚೀಲ ತುಂಬುವ ರೈತರ ಸಹಾಯವೂ ಬೇಕಾಗಿರುತ್ತದೆ.

ಲೆಕ್ಕಪತ್ರಗಳು

ನೋಂದಣಿ ಪತ್ರ, ಒಪ್ಪಿಗೆಯಾದ ಕಟ್ಟಡದ ನಕ್ಷೆ, ಕಟ್ಟಡದ ಭದ್ರತೆಯ ದೃಢೀಕರಣ, ಬಾಯ್ಲರಿನ ಮತ್ತು ಅಟೆಂಡೆಂಟನ ಪ್ರಮಾಣಪತ್ರ, ಎತ್ತುವ ಯಂತ್ರಗಳ ಪರೀಕ್ಷಾ ವರದಿ, ಕೆಲಸಗಾರರ ಪಟ್ಟಿ ಮತ್ತು ಹಾಜರಿ, ಅವರಿಗೆ ಕೊಟ್ಟ ನೇಮಕದ ಪತ್ರಗಳ ಪ್ರತಿ, ಆರೋಗ್ಯ ಪರೀಕ್ಷೆಯ ದಾಖಲೆ, ಅಪಘಾತದ ಪುಸ್ತಕ, ಇವು ಒಂದೇ ಕಪಾಟಿನಲ್ಲಿದ್ದು, ಅವಧಿ ತೀರುವ ತಾರೀಖುಗಳ ಪಟ್ಟಿಯನ್ನು ಅದರ ಬಾಗಿಲಿಗೆ ಅಂಟಿಸಿರಬೇಕು. ಗುತ್ತಿಗೆದಾರನ ಮೂಲಕ ಬಂದ ಹಮಾಲರ ಹೆಸರುಗಳನ್ನೂ ಬಿಡಬಾರದು.

ಅಪಘಾತದಿಂದ ಮರಣವಾದಲ್ಲಿ, ಅಥವಾ ಗಾಯಗೊಂಡವನು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬರಲಾರದಾದಲ್ಲಿ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವು. ಸಣ್ಣ ಗಾಯಗಳನ್ನೂ ಬರೆದಿಡುವುದು ಬುದ್ಧಿವಂತಿಕೆ. ಒಂದೇ ಮೆಟ್ಟಿಲಿನಲ್ಲಿ ಮೂರು ಮಂದಿ ಜಾರಿದ್ದಾರೆಂದು ಪುಸ್ತಕವು ಹೇಳಿದರೆ ನಾಲ್ಕನೆಯವನು ಬೀಳುವ ಮೊದಲೇ ಮೆಟ್ಟಿಲನ್ನು ಸರಿಪಡಿಸಬಹುದು. ಅಪಘಾತದ ಪುಸ್ತಕವು ಖಾಲಿಯಾಗಿರುವುದು ಒಳ್ಳೆಯ ಗಿರಣಿಯ ಗುರುತೆಂದು ಅನುಭವಿಯಾದ ಅಧಿಕಾರಿಯು ನಂಬುವುದಿಲ್ಲ.

ಕೆಲಸಗಾರರಿಗೆ ತಿಳಿವಳಿಕೆ

ಎಚ್ಚರಿಕೆಯ ಹಲಗೆಯು ಓದುವವನ ಭಾಷೆಯಲ್ಲಿರಬೇಕು. ಬಿಹಾರ, ಒಡಿಶಾ ಕಡೆಗಳಿಂದ ಬಂದವರಿರುವ ಗಿರಣಿಯಲ್ಲಿ ಕನ್ನಡದ ಹಲಗೆಯೊಂದೇ ಸಾಲದು. ಅಕ್ಷರ ಬಾರದವರಿಗೆ ಚಿತ್ರಗಳು ಬೇಕು. ಮೈಗೆ ಅಂಟುವ ಉಡುಪನ್ನು ಯಜಮಾನನೇ ಕೊಡಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಬೆಂಕಿ ಬಿದ್ದಂತೆ ಗಂಟೆ ಬಾರಿಸಿ, ಎಲ್ಲರೂ ಹೊರಬರಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಬೇಕು. ಹೊರಬರುವ ಬಾಗಿಲಿಗೆ ಚೀಲಗಳನ್ನು ಒಟ್ಟಿರುವುದು ಬಹುಶಃ ಆಗಲೇ ಗೊತ್ತಾಗುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗದ ಕೈಯು ಯಜಮಾನನ ಮನೆಯಲ್ಲಿದ್ದರೆ ಪೆಟ್ಟಿಗೆಯು ಇದ್ದೂ ಇಲ್ಲದಂತೆ. ಪ್ರತಿ ಪಾಳಿಯಲ್ಲಿಯೂ ಅದನ್ನು ಉಪಯೋಗಿಸಬಲ್ಲವನೊಬ್ಬನಿರಬೇಕು.

ತಪಾಸಣೆಯ ದಿನವೂ ಅನಂತರವೂ

ಅಧಿಕಾರಿಯು ಬಂದ ದಿನ ಗಿರಣಿಯು ಎಂದಿನಂತೆ ನಡೆಯುತ್ತಿರಲಿ. ಯಂತ್ರಗಳನ್ನು ಬಲ್ಲ ಒಬ್ಬನು ಜೊತೆಯಲ್ಲಿದ್ದು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಕೆಲಸಗಾರರನ್ನು ವಿಚಾರಿಸುವಾಗ ಯಜಮಾನನು ದೂರ ನಿಲ್ಲುವುದೇ ಮರ್ಯಾದೆ. ಅಧಿಕಾರಿಯು ತೋರಿಸಿದ ಕೊರತೆಗಳನ್ನು ಆ ಕ್ಷಣವೇ ಬರೆದುಕೊಂಡು, ಪ್ರತಿಯೊಂದಕ್ಕೂ ಸರಿಪಡಿಸುವವನ ಹೆಸರನ್ನೂ ತಾರೀಖನ್ನೂ ಗೊತ್ತುಮಾಡಿ, ಕೆಲಸವಾದ ಮೇಲೆ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಪ್ರಾಣಾಪಾಯವಿರುವ ಯಂತ್ರವನ್ನು ನಿಲ್ಲಿಸೆಂದರೆ ಸುಗ್ಗಿಯ ನೆಪವನ್ನು ಹೇಳದೆ ನಿಲ್ಲಿಸತಕ್ಕದ್ದು. ಒಂದು ದಿನ ನಿಂತ ಗಿರಣಿಯು ಮರುದಿನ ತಿರುಗುತ್ತದೆ. ಹೋದ ಕೈಯು ಮತ್ತೆ ಬರುವುದಿಲ್ಲ.

ಅಧಿಕಾರಿಯು ವರ್ಷದಲ್ಲಿ ಗಿರಣಿಯೊಳಗಿರುವುದು ಕೆಲವೇ ಗಂಟೆಗಳು. ಮಿಕ್ಕ ದಿನಗಳೆಲ್ಲಾ ಅದರೊಳಗಿರುವವರು ಕೆಲಸಗಾರರು. ಜಾಲರಿಯ ಮರೆ, ಸ್ವಿಚ್ಚಿನ ಬೀಗ, ಗುಂಡಿಯ ಮುಚ್ಚಳ, ಕಣಜಕ್ಕಿಳಿಯುವವನ ಹಗ್ಗ, ಇವು ಆ ಮಿಕ್ಕ ದಿನಗಳಿಗಾಗಿ ಇರತಕ್ಕವು. ಸಹಕಾರ ಸಂಘಗಳೂ ರೈತರ ಕಂಪನಿಗಳೂ ತಮ್ಮ ಆಡಳಿತ ಮಂಡಲಿಯ ಪ್ರತಿ ತಿಂಗಳ ಸಭೆಯಲ್ಲಿ ಲಾಭನಷ್ಟದ ಲೆಕ್ಕವನ್ನು ಓದುವ ಮೊದಲು ಗಿರಣಿಯಲ್ಲಿ ಕಂಡ ಕೊರತೆಗಳ ಪಟ್ಟಿಯನ್ನು ಓದಿಸುವ ಪದ್ಧತಿಯನ್ನಿಟ್ಟುಕೊಂಡರೆ, ತಪಾಸಣೆಯು ಯಾವ ದಿನ ಬಂದರೂ ಅದಕ್ಕಾಗಿ ಬೇರೆ ಸಿದ್ಧತೆಯು ಬೇಕಾಗುವುದಿಲ್ಲ.